ಚಹಾ ಯಂತ್ರ ಮತ್ತು ಕಿಡಿಗೇಡಿಗಳು

ನಮ್ಮ ಕಡೆ ಚಹಾ ಕುಡಿಯುವುದಕ್ಕಿಂತ ಅದರ ದುಡ್ಡು ಕೊಡುವುದಕ್ಕೇ ಹೆಚ್ಚು ಹೊತ್ತು ಬೇಕು. ಇಂಡಿಯಲ್ಲಿ ಕುಡಿಯಿರಿ, ಮುದ್ದೇಬಿಹಾಳದಲ್ಲಿ ಕುಡಿಯಿರಿ, ಕಪ್ಪು ಕೆಳಗಿಟ್ಟ ಕೂಡಲೇ ಇಬ್ಬರು ಸಭ್ಯ ಗೃಹಸ್ಥರು ಒಬ್ಬರ ಮುಂಗೈಯನ್ನು ಇನ್ನೊಬ್ಬರು ಹಿಡಿದು ತಿರುಚುವ ದೃಶ್ಯ ಕಾಣದೆ ಇರದು. ಹೊಸಬರು ಇದನ್ನು ಜಗಳವೆಂದು ತಿಳಿಯುತ್ತಾರೆ, ಇದು ಆತಿಥ್ಯ. ನಾಲ್ಕು ತಾಲ್ಲೂಕುಗಳ ಸುದ್ದಿಯನ್ನು ಇಪ್ಪತ್ತು ವರ್ಷಗಳಿಂದ ಪತ್ರಿಕೆಗೆ ಬರೆಯುತ್ತಿರುವ ನಾನು ಈ ಸೆಣಸಾಟವನ್ನು ಎಂದೂ ಸುದ್ದಿಯೆಂದು ಪರಿಗಣಿಸಿರಲಿಲ್ಲ. ತಪ್ಪಿದ್ದು ಅಲ್ಲೇ.

ನಾಣ್ಯ ಹಾಕಿದರೆ ಸರಕು ಕೊಡುವ ಯಂತ್ರಗಳ ಮೇಲೆ ನನಗೆ ಮೊದಲಿನಿಂದಲೂ ಗೌರವ. ಊರು ಯಾವುದು, ಯಾರ ಪೈಕಿ ಎಂದು ಅವು ಕೇಳುವುದಿಲ್ಲ. ಕಿಂಡಿಯಿಂದ ಜಾರಿದ ನಾಣ್ಯ ಓಣಿಯಂಥ ಇಕ್ಕಟ್ಟಿನಲ್ಲಿ ಉರುಳುವಾಗ ಅದರ ಅಗಲ, ದಪ್ಪ, ಲೋಹಗಳ ಪರೀಕ್ಷೆಯಾಗುತ್ತದೆ. ಪಾಸಾದದ್ದು ಡಬ್ಬಿಗೆ, ನಪಾಸಾದದ್ದು ಕೆಳಗಿನ ಬಟ್ಟಲಿಗೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನಲ್ಲಿ, ನಾಣ್ಯದ ಭಾರಕ್ಕೆ ಸನ್ನೆ ಬಾಗಿ ತೀರ್ಥ ಸುರಿಯುವ ಯಂತ್ರವಿತ್ತಂತೆ. ಭಕ್ತರು ಕೊಟ್ಟದ್ದಕ್ಕಿಂತ ಹೆಚ್ಚು ಪುಣ್ಯ ಒಯ್ಯಬಾರದೆಂಬ ಮುನ್ನೆಚ್ಚರಿಕೆ. ನಮ್ಮಲ್ಲಿ ಆಲಮೇಲದ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ; ಅದು ತುಂಬುವಷ್ಟರಲ್ಲಿ ಹೆಣ್ಣುಮಕ್ಕಳು ಹಂಚಿಕೊಳ್ಳುವ ಸುದ್ದಿಯನ್ನು ನಾನು ಎರಡು ದಿನ ಓಡಾಡಿದರೂ ಸಂಗ್ರಹಿಸಲಾರೆ. ಬಸವನ ಬಾಗೇವಾಡಿಯಲ್ಲಿ ತೂಕದ ಯಂತ್ರವೊಂದಿತ್ತು, ಅದರ ಚೀಟಿಯ ಹಿಂದೆ ಭವಿಷ್ಯ. ಹಿರಿಯರೊಬ್ಬರು ಒಳ್ಳೆಯ ಭವಿಷ್ಯ ಬರುವವರೆಗೆ ತೂಗಿಸಿಕೊಂಡು, ಮೂರು ಚೀಟಿಗಳಲ್ಲಿ ಮೂರು ತೂಕ ಕಂಡು, ಭವಿಷ್ಯವನ್ನು ಮಾತ್ರ ನಂಬಿ ಮನೆಗೆ ಹೋದರು.

ಇಂಥದೊಂದು ಯಂತ್ರ ಕಳೆದ ವರ್ಷ ಸಿಂದಗಿಯ ಒಂದು ಕಚೇರಿಗೆ ಬಂತು. ಕಚೇರಿಯ ಹೆಸರು ಬೇಡ. ನಾಣ್ಯ ಹಾಕಿ ಗುಂಡಿ ಒತ್ತಿದರೆ ಬಿಸಿನೀರೂ ಪುಡಿಯೂ ಬೆರೆತು ಕಾಗದದ ಕಪ್ಪಿಗೆ ಚಹಾ. ಅಲ್ಲಿಯವರೆಗೆ ಟೇಬಲ್ಲಿನಿಂದ ಟೇಬಲ್ಲಿಗೆ ಚಹಾ ಕೊಡುತ್ತಿದ್ದವರು ಗುರುಬಾಯಿ. ಅವರ ಕಿಟಲಿಗೆ ಒಳಗೆ ಪ್ರವೇಶ ನಿಂತು, ಗೇಟಿನ ಬಳಿಯ ಬೇವಿನ ಮರದ ಕೆಳಗೆ ಕೂರಲು ಅನುಮತಿ ಸಿಕ್ಕಿತು.

ನಾನು ಒಳಗೊಳಗೇ ಸಮಾಧಾನಪಟ್ಟೆ. ಸುದ್ದಿ ಕೊಡುವವರಿಂದ ಚಹಾ ಕುಡಿಯಬಾರದೆಂಬುದು ನನ್ನ ವೃತ್ತಿನಿಯಮ. ಬೇಡವೆಂದರೆ ಮುಖ ಕೆಡಿಸಿಕೊಳ್ಳುವುದು ಈ ನೆಲದ ನಿಯಮ. ಇನ್ನು ನನ್ನ ಚಹಾ, ನನ್ನ ನಾಣ್ಯ, ಪತ್ರಿಕಾಧರ್ಮ ಅಬಾಧಿತ.

ಮೊದಲ ದಿನವೇ ಗುಮಾಸ್ತ ಸಿದ್ದಣ್ಣನವರು ಜತೆಗೆ ಬಂದರು. ನಾನು ನಾಣ್ಯ ಹಾಕಿದೆ. ಅವರು ನನ್ನ ಕೈ ಸರಿಸಿ, ನಮ್ಮ ಆಫೀಸಿಗೆ ಬಂದು ನೀವು ಹಾಕುವುದೇ ಎನ್ನುತ್ತ ತಮ್ಮದನ್ನೂ ಅದರ ಹಿಂದೆಯೇ ಒತ್ತಿದರು. ಚಹಾ ಬರಲಿಲ್ಲ. ಹೆಬ್ಬೆರಳಿನಿಂದ ಇಬ್ಬರೂ ಸರದಿಯಂತೆ ಒತ್ತಿದೆವು, ಬರಲಿಲ್ಲ. ಕರೆಂಟಿನ ತೊಂದರೆಯಿರಬೇಕೆಂದು ತೀರ್ಮಾನಿಸಿ ಗೇಟಿಗೆ ಹೋಗಿ ಗುರುಬಾಯಿಯವರ ಚಹಾ ಕುಡಿದೆವು. ದುಡ್ಡು ಯಾರು ಕೊಟ್ಟರೆಂಬುದು ನೆನಪಿಲ್ಲ. ಮೊಣಕೈ ನೊಂದದ್ದು ನೆನಪಿದೆ.

ಮರುದಿನ ಯಂತ್ರ ಕೆಟ್ಟಿದೆಯೆಂದು ತಿಳಿಯಿತು. ಯಾರೋ ಬೇಕೆಂದೇ ಬಾಟಲಿಯ ಮುಚ್ಚಳ ತುರುಕಿದ್ದಾರೆ ಎಂದರು ಅಧಿಕಾರಿ. ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳಬೇಕೆಂಬ ಶಿಸ್ತಿನವನು ನಾನು, ಸಿದ್ದಣ್ಣನವರನ್ನೂ ಕೇಳಿದೆ. ಸಾಹೇಬರು ಅಂದ ಮೇಲೆ ಇದ್ದೀತು ಎಂದರು. ಸುದ್ದಿ ಕಳಿಸಿದೆ: ಯಂತ್ರ ಸ್ಥಗಿತ, ಕಿಡಿಗೇಡಿಗಳ ಕೃತ್ಯ ಶಂಕೆ. ನಮ್ಮ ವೃತ್ತಿಯಲ್ಲಿ ‘ಕಿಡಿಗೇಡಿಗಳು’ ಬಹಳ ಉಪಕಾರಿಗಳು. ಅವರಿಗೆ ಹೆಸರಿಲ್ಲ, ವಿಳಾಸವಿಲ್ಲ, ಸ್ಪಷ್ಟೀಕರಣ ಕೇಳಿ ಅವರು ಫೋನ್ ಮಾಡುವುದಿಲ್ಲ.

ಈ ಸಲ ಊರೇ ವಿಳಾಸ ಹುಡುಕಿತು. ಯಂತ್ರ ಕೆಟ್ಟರೆ ಲಾಭ ಯಾರಿಗೆ? ಯಂತ್ರ ಬಿಚ್ಚಲು ವಿಜಯಪುರದ ಮೆಕ್ಯಾನಿಕ್ ಸೋಮವಾರ ಬರುವವನಿದ್ದ. ಅಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗುರುಬಾಯಿಗೆ ಹುಕುಂ ಆಯಿತು. ಬೇರೆ ಮರವಿತ್ತು, ಬೇರೆ ಗಿರಾಕಿಗಳಿರಲಿಲ್ಲ. ನಾನು ಗೇಟು ದಾಟುವಾಗ ಅವರು ಕರೆದರು.

“ಸರ, ಕಿಡಿಗೇಡಿ ಅಂದ್ರ ಯಾರ್ರಿ? ಪೇಪರ್ ಓದಿದಾವ್ರೆಲ್ಲಾ ನನ್ನ ಕಡೆನ ನೋಡಾಕತ್ತಾರ.”

ಪತ್ರಿಕೆಯಲ್ಲಿ ಯಾರ ಹೆಸರನ್ನೂ ಬರೆದಿಲ್ಲವೆಂದು ನಾನು ಗಂಭೀರವಾಗಿ ತಿಳಿಸಿದೆ.

“ಹೆಸರ ಹಾಕಿದ್ರ ಚಲೋ ಇತ್ರಿ. ನಾ ಅಲ್ಲ ಅಂತ ಹೇಳಾಕರೆ ಬರತಿತ್ತು.”

ಇಪ್ಪತ್ತು ವರ್ಷಗಳಲ್ಲಿ ನನ್ನ ಯಾವ ಸಂಪಾದಕರೂ ಇಷ್ಟು ಚಿಕ್ಕ ವಾಕ್ಯದಲ್ಲಿ ನನ್ನನ್ನು ತಿದ್ದಿರಲಿಲ್ಲ.

ಸೋಮವಾರ ಮೆಕ್ಯಾನಿಕ್ ಎಲ್ಲರೆದುರು ಯಂತ್ರದ ಬಾಗಿಲು ತೆಗೆದು, ಇಕ್ಕಳದಿಂದ ಒಂದರ ಬೆನ್ನಿಗೊಂದು ಅಂಟಿದ್ದ ಎರಡು ನಾಣ್ಯಗಳನ್ನು ಎಳೆದ.

“ಮುಚ್ಚಳಾ ಎಲ್ಲೈತ್ರಿ? ಎರಡೂ ಚಲೋ ರೊಕ್ಕ ಅದಾವು. ಒಂದು ಒಳಗ ಹೋಗೂದ್ರಾಗ ಇನ್ನೊಬ್ರು ತುರುಕ್ಯಾರ. ಇದಕ್ಕ ಇಬ್ರು ಶಾಣ್ಯಾರು ಬೇಕು ನೋಡ್ರಿ.”

ಸಿದ್ದಣ್ಣನವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಪರಿಶೀಲಿಸತೊಡಗಿದರು. ನನ್ನ ಪೆನ್ನು ಪುಸ್ತಕದ ಮೇಲೆ ನಿಂತಿತ್ತು. ವರದಿಗಾರ ಘಟನೆಯಿಂದ ದೂರವಿರಬೇಕು ಎಂದು ನಾನೇ ಎಷ್ಟೋ ಹೊಸಬರಿಗೆ ಹೇಳಿದ್ದೇನೆ. ಘಟನೆಯೇ ವರದಿಗಾರನಾಗಿದ್ದರೆ ಏನು ಮಾಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬಾಗಿಲ ಹೊರಗೆ ಗುರುಬಾಯಿ ಕಿಟಲಿ ಹಿಡಿದು ನಿಂತಿದ್ದರು.

“ಆ ಶಾಣ್ಯಾರು ನಾವ ರೀ,” ಎಂದೆ. “ಒಂದು ನಂದು, ಒಂದು ಸಿದ್ದಣ್ಣಾರದು.”

ಅಧಿಕಾರಿ ನಮ್ಮಿಬ್ಬರನ್ನೂ ನೋಡಿ, ಖಾಲಿ ಮಾಡುವ ಮಾತನ್ನು ಹಿಂದಕ್ಕೆ ಪಡೆದರು. ನಾನು ಪತ್ರಿಕೆಗೆ ತಿದ್ದುಪಡಿ ಕಳಿಸಿದೆ: “ಚಹಾ ಯಂತ್ರದ ಸುದ್ದಿಯಲ್ಲಿ ‘ಕಿಡಿಗೇಡಿಗಳು’ ಎಂದಿರುವುದನ್ನು ‘ನಮ್ಮ ವರದಿಗಾರ ಹಾಗೂ ಗುಮಾಸ್ತರೊಬ್ಬರು’ ಎಂದು ಓದಿಕೊಳ್ಳಬೇಕು.” ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಅದೇ ಎಂದು ಕಾಣುತ್ತದೆ, ಇಂಡಿಯಿಂದಲೂ ಫೋನ್ ಬಂದವು.

ಯಂತ್ರದ ತಪ್ಪೇನೂ ಇಲ್ಲ. ಒಬ್ಬ ಕೊಳ್ಳುತ್ತಾನೆ ಎಂಬ ಲೆಕ್ಕದಲ್ಲಿ ಅದನ್ನು ಮಾಡಿದ್ದಾರೆ. ಇಬ್ಬರು ಒಟ್ಟಿಗೆ ಕೊಡಲು ಹೊರಟರೆ ಅದು ಏನು ಮಾಡಬೇಕು ಪಾಪ. ತಿದ್ದುಪಡಿ ಪ್ರಕಟವಾದ ದಿನ ಬೇವಿನ ಕೆಳಗೆ ಸಿದ್ದಣ್ಣನವರೂ ನಾನೂ ಒಂದೇ ಚಹಾವನ್ನು ಎರಡು ಕಪ್ಪಿಗೆ ಹಂಚಿಸಿಕೊಂಡು ಕುಡಿದೆವು. ಮುಗಿದ ಕೂಡಲೇ ಇಬ್ಬರ ಕೈಗಳೂ ಒಟ್ಟಿಗೆ ಮುಂದೆ ಹೋದವು, ತಕ್ಷಣ ಇಬ್ಬರೂ ನಾಚಿ ಹಿಂದೆಳೆದುಕೊಂಡೆವು. ಗುರುಬಾಯಿ ಅಂಗೈ ಚಾಚಿದರು.

“ಇಬ್ರದೂ ಹಾಕ್ರಿ,” ಎಂದರು. “ನಾ ಏನ್ ಜಾಮ್ ಆಗೂದಿಲ್ಲ.”