ಆನೆಮರಿ ಆಡಿದ ಮಾತು

ಸತ್ತವರು ಮಾತಾಡುತ್ತಾರೆ ಎಂದರೆ ನಾನು ನಂಬುತ್ತಿರಲಿಲ್ಲ. ಉಡುಪಿ ಕಡೆ ಭೂತಕೋಲ ನೋಡುತ್ತ ಬೆಳೆದವಳಾದರೂ, ಅಮ್ಮ ಕೈಮುಗಿದಾಗ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದೆ, ಅಷ್ಟೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಹಾಡುಹಗಲಲ್ಲಿ, ಮಕ್ಕಳು ತುಂಬಿದ ತರಗತಿಯಲ್ಲಿ ಕಿವಿಯಾರೆ ಕೇಳಿದ್ದನ್ನು ಇಲ್ಲವೆನ್ನುವುದೂ ನನ್ನಿಂದಾಗದು.

ಆಗ ನಾನು ಮುಂಬಯಿಯ ವಡಾಲದ ಒಂದು ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರ್. ಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ. ಪುಸ್ತಕ ತೆರೆದರೆ ಆಕಳಿಕೆ. ಶಾಲೆಯವರು ಗೋಡೆಗೊಂದು ದೊಡ್ಡ ಟೀವಿ ಹಾಕಿಸಿ, ಲ್ಯಾಪ್‌ಟಾಪಿನಲ್ಲಿ ಒಂದು ಕಾರ್ಟೂನ್ ಆನೆಮರಿಯನ್ನು ಕೊಟ್ಟರು. ನಾನು ಮೈಕಿನಲ್ಲಿ ಮಾತಾಡಿದರೆ ಅದು ಬಾಯಿ ಆಡಿಸುತ್ತಿತ್ತು. ನನ್ನ ದನಿ ಪುಟ್ಟ ಮಗುವಿನ ದನಿಯಾಗಿ ಹೊರಬರುತ್ತಿತ್ತು. ಮಕ್ಕಳಿಗೆ ಅದೆಂದರೆ ಪ್ರಾಣ. ನನ್ನೆದುರು ಬಾಯಿ ಬಿಡದವರು ಆನೆ ಕೇಳಿದರೆ ಎದ್ದು ನಿಂತು ಮಗ್ಗಿ ಒಪ್ಪಿಸುತ್ತಿದ್ದರು.

ಕೊನೆಯ ಬೆಂಚಿನ ರೇಣುಕಾ ಮಾತ್ರ ಅದರ ಜೊತೆಗೂ ಮಾತಾಡುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹಳಿ ದಾಟುವಾಗ ಅವಳ ತಮ್ಮ ಲೋಕಲ್ ರೈಲು ಬಡಿದು ಸತ್ತಿದ್ದ. ಜೊತೆಯಲ್ಲಿದ್ದವಳು ಇವಳೊಬ್ಬಳೇ. ಅವನೇ ಮುಂದೆ ಓಡಿದ ಎಂದು ಹೇಳಿದ್ದಳು. ಚಾಳಿನ ನೆರೆಹೊರೆಯವರೂ ನಾವೂ ಅದನ್ನೇ ನಂಬಿದ್ದೆವು.

ಒಂದು ಬೆಳಿಗ್ಗೆ ಮೈಕ್ ಆಫ್ ಮಾಡಿ ಮೇಜಿನ ಮೇಲಿಟ್ಟು, ಬೋರ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಟೀವಿಯಿಂದ ಆನೆಮರಿಯ ದನಿ ಬಂತು.

"ಗುಬ್ಬಕ್ಕಾ, ನನ್ನ ಕೈ ಯಾಕ ಬಿಟ್ಟಿ?"

ತಿರುಗಿ ನೋಡಿದೆ. ಮೇಜಿನ ಬಳಿ ಯಾರೂ ಇರಲಿಲ್ಲ. ಅದುವರೆಗೆ ಆನೆ ಆಡಿದ್ದೆಲ್ಲ ನನ್ನ ಕರಾವಳಿಯ ಕನ್ನಡ. ಈ ಮಾತು ವಿಜಯಪುರದ್ದು. ಆನೆ ತಮ್ಮ ಭಾಷೆ ಆಡಿತೆಂದು ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಕಿವಿ ಬೀಸುತ್ತ, ನಗುನಗುತ್ತಲೇ ಮತ್ತೊಮ್ಮೆ ಅದನ್ನೇ ಕೇಳಿತು.

ರೇಣುಕಾ ಎದ್ದು ನಿಂತಳು. "ನೀ ಅಳಾಕ ಹತ್ತಿದ್ದಿ. ನನಗ ಸಿಟ್ಟ ಬಂತು," ಎಂದಳು. "ಅವ್ವಗ ಹೇಳಬ್ಯಾಡೋ."

ತರಗತಿ ಇನ್ನೂ ಜೋರಾಗಿ ನಕ್ಕಿತು. ನಾನು ಓಡಿಹೋಗಿ ಟೀವಿಯ ಪ್ಲಗ್ ಕಿತ್ತೆ.

ಹೇಳುವವರು ಹೇಳಿಯೇ ಬಿಟ್ಟರು. ಮರುದಿನ ಅವಳ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹತ್ತಿರದ ಸಯನ್ನಿನ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸು. ಜಗಳಕ್ಕೆ ಬಂದಿರಲಿಲ್ಲ.

"ಟೀಚರ್, ಆ ಆನಿ ಮಾತಾಡಸ್ರಿ," ಎಂದಳು. "ಗುಬ್ಬಕ್ಕ ಅಂತಿದ್ದಂವ ನನ್ನ ಮಗ ಒಬ್ಬನ. ಅದೂ ಮನಿಯಾಗ."

ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಟೀವಿ ಹಾಕಿದೆ. ಅವಳು ನೆಲದ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು, "ನಾ ಅವ್ವ ಅದೀನೋ, ನನ್ನ ಕೂಡ ಮಾತಾಡೋ," ಎಂದಳು. ಆನೆಮರಿ ಕಿವಿ ಬೀಸಿ ನಕ್ಕಿತು. ಮತ್ತೆ ಕೇಳಿದಳು. ಮತ್ತೆ ನಕ್ಕಿತು. ಊಟದ ಗಂಟೆ ಹೊಡೆಯುವ ತನಕ ಅವಳು ಹಾಗೆಯೇ ಕೇಳುತ್ತಿದ್ದಳು.

ಆಮೇಲೆ ಎದ್ದು ಮಗಳತ್ತ ತಿರುಗಿದಳು. ಹೊಡೆಯಲಿಲ್ಲ. "ಇನ್ನ ಮ್ಯಾಲ ನನಗ ಅವ್ವ ಅನಬ್ಯಾಡ," ಎಂದು ಹೇಳಿ ಒಬ್ಬಳೇ ನಡೆದು ಹೋದಳು. ರೇಣುಕಾ ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಓಡಿದಳು. ಮತ್ತೆ ಶಾಲೆಗೆ ಬರಲಿಲ್ಲ. ಊರಿಗೆ, ಸೋದರತ್ತೆಯ ಮನೆಗೆ ಕಳಿಸಿದರೆಂದು ಮಕ್ಕಳು ಹೇಳಿದರು.

ರಿಪೇರಿಗೆ ಬಂದವನು ಇದು ಯಾವುದೋ ಮಗುವಿನ ತುಂಟತನ ಎಂದ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಆ ಮುದ್ದಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ರೇಣುಕಾಳೇ ಆಡಿರಬಹುದೇ? ಎರಡನೆಯ ಸಲ ಮಾತು ಕೇಳಿಸಿದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತುಟಿ ಬಿಗಿಯಾಗಿ ಮುಚ್ಚಿತ್ತು. ಮಾತಾಡಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಮ್ಮನೇ ಆಗಿದ್ದರೆ, ಅಷ್ಟು ಹೊತ್ತು ಕೂಗಿದ ಅವ್ವನಿಗೆ ಒಂದಾದರೂ ಮಾತು ಯಾಕೆ ಆಡಲಿಲ್ಲ ಎಂಬುದಂತೂ ತಿಳಿಯದು.