ಮನೆಯ ನೆತ್ತಿಯ ಮೇಲೆ ಆರಿದ ಬೆಳಕು

ಆಕಾಶದಲ್ಲಿ ಅರ್ಥವಾಗದ್ದು ಏನಾದರೂ ಕಂಡರೆ ನಮ್ಮ ಕಡೆಯ ಕೆಲವರು ನನಗೆ ಫೋನ್ ಮಾಡುತ್ತಾರೆ. ನಾನು ಗುರುವಾಯನಕೆರೆಯಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಗಂಡ ಈಗಲೂ ಕೇಳುತ್ತಾರೆ. ನೆರಿಯದವರು ಕಂಡ ಸಾಲುದೀಪ ಉಪಗ್ರಹಗಳ ಸಾಲು. ನಾರಾವಿಯ ಕೆಂಪು ಗೋಳ ಮದುವೆಮನೆಯವರು ಹಾರಿಸಿದ ಕಾಗದದ ದೀಪ. ಮೂಡುಬಿದಿರೆಯ ಒಬ್ಬರು ವಾರಗಟ್ಟಲೆ ಹೆದರಿದ್ದು ಶುಕ್ರಗ್ರಹಕ್ಕೆ. ಉತ್ತರ ಸಿಗದ್ದೂ ಕೆಲವು ಇವೆ. ಅವನ್ನು ‘ಗೊತ್ತಿಲ್ಲ’ ಎಂದೇ ಬಿಟ್ಟಿದ್ದೇನೆ. ಅನ್ಯಗ್ರಹದವರೇ ಬಂದರು ಎನ್ನುವವರ ಮೇಲೂ ಎಲ್ಲ ಬರೀ ಸುಳ್ಳು ಎನ್ನುವವರ ಮೇಲೂ ನನಗೆ ಒಂದೇ ಸಿಟ್ಟು. ಇಬ್ಬರೂ ಹೋಗಿ ನೋಡುವುದಿಲ್ಲ.

ನಾನು ಹೋಗುತ್ತೇನೆ. ಕಂಡವರನ್ನು ಅವರು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ, ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಕೈಯಲ್ಲಿ ತೋರಿಸಲು ಹೇಳುತ್ತೇನೆ. ಬಾಯಿ ಉಪ್ಪು ಖಾರ ಸೇರಿಸುತ್ತದೆ, ಕೈ ಅಷ್ಟು ಸೇರಿಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬಂಟ್ವಾಳದ ಹತ್ತಿರದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಗಲ್ಫಿನಲ್ಲಿದ್ದ ಅವಳ ಅಣ್ಣ ಎದೆನೋವಿನಿಂದ ತೀರಿಹೋಗಿದ್ದ. ಅಲ್ಲಿಯೇ ದಫನ ಮಾಡಿದ್ದರು. ಊರಿನ ಮಸೀದಿಯಲ್ಲಿ ಗಂಡಸರು ಒಂದು ಸಂಜೆ, ಮೃತದೇಹ ಎದುರಿಗಿಲ್ಲದೆಯೇ, ಅವನಿಗಾಗಿ ಮಯ್ಯತ್ ನಮಾಜು ಮಾಡಿದ್ದರು. ಅದೇ ಹೊತ್ತಿಗೆ ಮನೆಯಂಗಳದಲ್ಲಿ ನಿಂತಿದ್ದ ಅವಳ ತಾಯಿಗೆ, ಅವಳ ಉಮ್ಮನಿಗೆ, ಬೆಳಕೊಂದು ಕಂಡಿತ್ತು.

“ಮಗನೇ ಬಂದದ್ದು ಅಂತ ಹೇಳ್ತಾರೆ ಟೀಚರ್. ಇನ್ನೊಮ್ಮೆ ಬರ್ತಾನೆ ಅಂತ ದಿನಾ ಸಂಜೆ ಅಂಗಳದಲ್ಲೇ ನಿಲ್ತಾರೆ. ಊಟವೂ ಸರಿ ಇಲ್ಲ. ನೀವು ಬಂದು ಒಂದು ಮಾತು ಹೇಳಿ.”

ಮರುದಿನ ಶಾಲೆ ಬಿಟ್ಟವಳೇ ಬಸ್ಸು ಹತ್ತಿದೆ. ಆ ತಾಯಿ ನನ್ನ ವಯಸ್ಸಿನವರೇ. ನಾನು ಕೇಳುವ ಮೊದಲೇ ಅಂಗಳದ ಮೂಲೆಯಲ್ಲಿ ನಿಂತು ಕೈ ಎತ್ತಿದರು. ಪಡುವಣದ ತೆಂಗಿನ ತಲೆಗಳ ಮೇಲಿಂದ ಆ ಕೈ ನಿಧಾನವಾಗಿ ಏರಿತು. ಮನೆಯ ಮಾಡಿನ ನೇರಕ್ಕೆ ಬಂದು ನಿಂತಿತು.

“ವಿಮಾನ ಅಲ್ಲ ಟೀಚರೇ. ವಿಮಾನ ನನಗೆ ಗೊತ್ತುಂಟು. ಇದಕ್ಕೆ ಸದ್ದೇ ಇಲ್ಲ. ಗಲ್ಫ್ ಇರುವ ಕಡೆಯಿಂದ ಬಂತು, ನಮ್ಮ ಮನೆಯ ಮೇಲೆ ಬಂದು ಆರಿತು.”

ಪಡುವಣವೆಂದರೆ ನನಗೆ ಕಡಲು. ಆ ಮನೆಗೆ ಅದು ಮೆಕ್ಕಾದ ದಿಕ್ಕು, ಮಗ ದುಡಿಯಲು ಹೋದ ದಿಕ್ಕು. ಕೈ ನಿಂತ ಜಾಗ ನೋಡಿದಾಗಲೇ ನನಗೆ ಉತ್ತರ ಹೊಳೆದಿತ್ತು. ನಮಾಜಿನ ಆ ಸಂಜೆ ಬಾಹ್ಯಾಕಾಶ ನಿಲ್ದಾಣ ಹಾದುಹೋದ ದಾರಿಯನ್ನು ಮೊಬೈಲಿನಲ್ಲಿ ನೋಡಿದೆ. ದಾರಿಯೂ ಹೊತ್ತೂ ಸರಿಯಾಗಿ ಹೊಂದಿದವು. ‘ಗೊತ್ತಿಲ್ಲ’ ಎಂದುಬಿಡೋಣ ಅನ್ನಿಸಿತು. ಆ ಮಾತು ಅಷ್ಟು ಬೇಕೆನಿಸಿದ್ದು ಅದೇ ಮೊದಲು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಸಮಾಧಾನಕ್ಕೆ ಎಂತದೂ ಹೇಳ್ಬೇಡಿ,” ಎಂದರು ತಾಯಿ. “ಬಂದವರೆಲ್ಲ ಅದನ್ನೇ ಹೇಳಿ ಹೋದರು.”

ಹೇಳಿದೆ. ಮನುಷ್ಯರೇ ಕಟ್ಟಿ ಮೇಲೆ ಬಿಟ್ಟದ್ದು, ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಕಾಣುವುದು ಅದರ ಮೇಲೆ ಬಿದ್ದ ಬಿಸಿಲು. ಭೂಮಿಯ ನೆರಳಿನೊಳಗೆ ಹೊಕ್ಕ ಕೂಡಲೇ ಆರಿದ ಹಾಗೆ ಕಾಣುತ್ತದೆ. ಆ ದಿನ ಅದು ಆರಿದ್ದು ಅವರ ಮನೆಯ ನೇರಕ್ಕೆ, ಅಷ್ಟೇ. ತರಗತಿಯಲ್ಲಿ ಎಷ್ಟೋ ಸಲ ಖುಷಿಯಿಂದ ಹೇಳಿದ್ದ ಪಾಠ. ಅಲ್ಲಿ ಹೇಳುವಾಗ ನನಗೆ ನನ್ನ ಮೇಲೆಯೇ ಬೇಸರ ಬಂತು.

ಅವರು ಅಳಲಿಲ್ಲ. ಮಾಡಿನ ಮೇಲಿನ ಆಕಾಶ ನೋಡುತ್ತ ಕೇಳಿದರು, “ಅದರೊಳಗೆ ಜನ ಉಂಟಾ?”

“ಉಂಟು. ಕೆಲಸಕ್ಕೆ ಹೋದವರು. ತಿಂಗಳುಗಟ್ಟಲೆ ಅಲ್ಲೇ ಇರ್ತಾರೆ.”

“ಮತ್ತೆ?”

“ಮತ್ತೆ ಮನೆಗೆ ಬರ್ತಾರೆ.”

ತಲೆಗೆ ಹೊದ್ದ ಬಟ್ಟೆ, ತಟ್ಟ, ಜಾರಿದ್ದನ್ನು ಸರಿಪಡಿಸಿಕೊಂಡು ಅವರು ಮತ್ತೊಮ್ಮೆ ಮೇಲೆ ನೋಡಿದರು.

“ಅಷ್ಟು ಮೇಲಿಂದ ಕರ್ಕೊಂಡು ಬರ್ಲಿಕ್ಕೆ ಆಗ್ತದೆ,” ಎಂದರು. “ನನ್ನ ಮಗನನ್ನು ತರ್ಲಿಕ್ಕೆ ಆಗ್ಲಿಲ್ಲ.”