ಸುಮ್ಮನೆ ಕೂತಿದ್ದ ನಾಲ್ಕು ಸಾಲು

ಎಸ್.ಟಿ. ಬಸ್ಸು ತುಂಬಿದ್ದರೆ ಸೀಟು ಸಿಗಲಿಕ್ಕಿಲ್ಲ ಎಂಬ ಚಿಂತೆ, ಖಾಲಿಯಿದ್ದರೆ ಉಳಿದವರೆಲ್ಲ ಯಾಕೆ ಹತ್ತಲಿಲ್ಲವೋ ಎಂಬ ಚಿಂತೆ. ನನ್ನ ಸ್ವಭಾವವೇ ಅದು. ಎಂಬತ್ತರ ದಶಕದ ಕೊನೆಗೆ ನಾನು ಗಡಹಿಂಗ್ಲಜ ಬಿಟ್ಟು ಕೊಲ್ಲಾಪುರದಲ್ಲಿ ಅಕ್ಕನ ಗಂಡನ ವರ್ಕ್‌ಶಾಪು ಸೇರಿದ್ದೆ. ದಾಜಿ, ಅಂದರೆ ಭಾವ, ಕಂಪ್ಯೂಟರ್ ಜೋಡಿಸುತ್ತಿದ್ದರು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ನನ್ನ ಪಾಲಿಗೆ.

ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯೇ ನಮ್ಮ ದೊಡ್ಡ ಗಿರಾಕಿ. ಅಲ್ಲಿ ಒಂದೊಂದು ಶೆಡ್ಡಿಗೆ ಒಂದೊಂದು ಪ್ರೋಗ್ರಾಮು, ನೇಯ್ದ ಮೀಟರಿನ ಲೆಕ್ಕ ಹಿಡಿಯಲು. ಹಳೆಯ ಪ್ರೊಸೆಸರ್ ಬರುವುದು ನಿಂತುಹೋಯಿತು. ಹೊಸ ಪ್ರೊಸೆಸರಿನ ಮಷೀನನ್ನು ಕಾರ್ಖಾನೆ ಒಪ್ಪದಿದ್ದರೆ ವರ್ಕ್‌ಶಾಪಿಗೆ ಬೀಗ. ಅಕ್ಕ ಚಹಾ ಕೊಡುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೆಮರಿ ಹಂಚುವ ಕೋಡನ್ನು ನಾನು ಮೊದಲೇ ಎರಡು ಭಾಗ ಮಾಡಿದ್ದೆ. ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ ಎಂದು ತೀರ್ಮಾನಿಸುವುದು ಒಂದು. ಅದು ಎಲ್ಲ ಪ್ರೊಸೆಸರಿಗೂ ಒಂದೇ. ಆ ತೀರ್ಮಾನವನ್ನು ಪ್ರೊಸೆಸರಿಗೆ ತಿಳಿಯುವಂತೆ ಹೇಳುವುದು ಇನ್ನೊಂದು. ಪ್ರೊಸೆಸರ್ ಬದಲಾದರೆ ಇದನ್ನಷ್ಟೇ ಹೊಸದಾಗಿ ಬರೆದರಾಯಿತು. ಇವೆರಡರ ನಡುವೆ, ಜಾಗ ಕೈಬದಲಾದಾಗಲೆಲ್ಲ ‘ಹಳೆಯ ವಿಳಾಸ ಮರೆತುಬಿಡು’ ಎನ್ನುವ ನಾಲ್ಕು ಸಾಲು ಇಟ್ಟಿದ್ದೆ. ಹಳೆಯ ಪ್ರೊಸೆಸರ್ ವಿಳಾಸವನ್ನು ಪ್ರತಿಸಲವೂ ಹೊಸದಾಗಿ ನೋಡಿಕೊಳ್ಳುತ್ತಿತ್ತು. ಅಲ್ಲಿ ಅವಕ್ಕೆ ಕೆಲಸವೇ ಇರಲಿಲ್ಲ. ಹೊಸ ಪ್ರೊಸೆಸರಿನ ಸುದ್ದಿಯೇ ಇಲ್ಲದ ಆ ದಿನಗಳಲ್ಲಿ, ಮಗ್ಗದ ಮನೆಯಲ್ಲಿ ಬೆಳೆದ ದಾಜಿಗೆ ಇದನ್ನು ಸಹಿಸಲಾಗಲಿಲ್ಲ.

“ಏನಪಾ, ಇವು ಏನ್ ಮಾಡತಾವ?”

“ಏನೂ ಇಲ್ರಿ ದಾಜಿ. ನಾಳಿಗೆ ಬ್ಯಾರೆ ಪ್ರೊಸೆಸರ್ ಬಂದ್ರ ಬೇಕಾಗಬಹುದು.”

“ನಿಂದೊಂದು ನಾಳಿ! ಸುಮ್ನ ನಿಂತ ಮಗ್ಗಾ ನಾವು ಮಾರತೇವಿ, ಪೂಜಾ ಮಾಡಂಗಿಲ್ಲ.”

ಅಂದವರೇ ಅಳಿಸಿಬಿಟ್ಟರು. ಮೆಮರಿಯೂ ಇಕ್ಕಟ್ಟಾಗಿತ್ತು; ಹಳೆಯ ಮಷೀನು ಎಂದಿನಂತೆ ಓಡಿತು.

ಆ ಸಾಲುಗಳಿಲ್ಲದೆ ಹೊಸ ಮಷೀನೂ ಕೊಲ್ಲಾಪುರದಲ್ಲಿ ಚೆನ್ನಾಗಿಯೇ ಓಡಿತು, ಒಂದೊಂದೇ ಪ್ರೋಗ್ರಾಮು ಹಾಕಿ ನೋಡಿದ್ದರಿಂದ. ಇಚಲಕರಂಜಿಯಲ್ಲಿ ಎಲ್ಲ ಶೆಡ್ಡು ಒಟ್ಟಿಗೆ ಶುರುವಾದವು. ಮಧ್ಯಾಹ್ನದೊಳಗೆ ಒಂದರ ಮೀಟರು ಇನ್ನೊಂದರ ಲೆಕ್ಕದಲ್ಲಿ. ನೇಕಾರನೊಬ್ಬ ಪರದೆಗೆ ಬೆರಳು ತೋರಿಸಿದ.

“ನನ್ನ ಮಗ್ಗಾ ಮುಂಜಾನಿಂದ ಬಂದ್ ಐತ್ರಿ ಸಾಹೇಬ. ಆದ್ರೂ ಅರಿವಿ ನೇಯಾಕತ್ತೈತಿ. ಕಾಯ್ ಕಮಾಲ್ ಹಾಯ್!” ಎಂದು ಮರಾಠಿಯಲ್ಲಿ ಬೆರಗಾದ.

ಎಲ್ಲರೂ ನಕ್ಕರು, ಮ್ಯಾನೇಜರು ನಗಲಿಲ್ಲ. “ಸಂಜಿತನಾ ನೋಡತೇನಿ. ಆಮ್ಯಾಲ ಟೆಂಪೋ ತರ್ರಿ, ಮಷೀನ್ ಒಯ್ರಿ.”

ಹೊಸ ಪ್ರೊಸೆಸರ್ ಒಮ್ಮೆ ನೋಡಿದ ವಿಳಾಸವನ್ನು ನೆನಪಿಟ್ಟುಕೊಳ್ಳುವ ಜಾತಿಯದು. ಜಾಗ ಬೇರೆಯವರಿಗೆ ಹೋದಮೇಲೂ ಅದೇ ಮನೆಗೆ ನುಗ್ಗುತ್ತಿತ್ತು.

“ದಾಜಿ, ಆ ನಾಲ್ಕು ಸಾಲು...”

“ಗೊತ್ತಾತು. ಬಾಯಿ ಮುಚ್ಚಿ ಬರಿ.”

ಬರೆದೆ. ಈ ಸಲ ಅವುಗಳ ಹಿಂದೆ ಹೊಸ ಪ್ರೊಸೆಸರಿಗೆ ತಿಳಿಯುವ ಹುಕುಮು ಇತ್ತು. ಮಷೀನು ಮತ್ತೆ ಶುರುಮಾಡಿದೆವು. ಶೆಡ್ಡುಗಳ ಲೆಕ್ಕ ಬೇರೆಯಾಯಿತು, ನೇಕಾರನ ನಿಂತ ಮಗ್ಗ ಸೊನ್ನೆಯಲ್ಲೇ ನಿಂತಿತು. ಮ್ಯಾನೇಜರು ಸಂಜೆಯವರೆಗೂ ಪರದೆಯ ಮುಂದಿನಿಂದ ಏಳಲಿಲ್ಲ.

“ಇದು ಇರ್ಲಿ. ಆದ್ರ ಹಳೇ ಮಷೀನೂ ಒಯ್ಯಬ್ಯಾಡ್ರಿ. ಎರಡೂ ಓಡ್ಲಿ. ಎರಡೂ ಒಂದ ಹೇಳಿದ್ರ ನಂಬತೇನಿ.”

ದಾಜಿ ಕೈಮುಗಿದರು. ವರ್ಕ್‌ಶಾಪು ಉಳಿಯಿತು. ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು.

“ಒಪ್ಪಿದ್ರು?”

“ಒಪ್ಪಿದ್ರು.”

“ಮತ್ತ ಮಾರಿ ಯಾಕ ಹಂಗ ಮಾಡಿ?”

ಏನಿಲ್ಲ ಅಂದೆ. ಎರಡೂ ಮಷೀನಿನಲ್ಲಿ ಮೆಮರಿ ಹಂಚುವ ಭಾಗ ಒಂದೇ, ಅದೂ ನಾನೇ ಬರೆದದ್ದು. ಅದರಲ್ಲೇ ತಪ್ಪಿದ್ದು ಎರಡೂ ಕೂಡಿ ಒಂದೇ ತಪ್ಪು ಹೇಳಿದರೂ ಮ್ಯಾನೇಜರು ನಂಬುತ್ತಾರೆ. ಇದನ್ನು ಅವಳಿಗೆ ಹೇಗೆ ಹೇಳಲಿ?